ಹವಾಳದ ರಾಯರು

ನ್ಯೂಜೆರ್ಸಿಯ ಎಡಿಸನ್ ಕಡೆಯ ಕನ್ನಡಿಗರಲ್ಲಿ ಅವರಿಗೆ ಹವಾಳದ ರಾಯರು ಎಂದೇ ಹೆಸರು. ಸುಲಭವಾದದ್ದನ್ನು ಕಂಡರೆ ಮೈಯುರಿಯುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ರಾಯರು ಆ ಪೈಕಿ. ಕಾಫಿಪುಡಿ ಕೊಳ್ಳುವುದಿಲ್ಲ, ಬೀಜ ತಂದು ಹುರಿಯುತ್ತಾರೆ. ಹಾಗಾಗಿ ಅವರ ಮನೆಯಲ್ಲಿ ಬೆಳಗಿನ ಕಾಫಿ ಸಿಗುವುದು ಹತ್ತರ ಮೇಲೆ.

ಹವಾಳ ಸಾಕಲು ಹೊರಟಾಗಲೂ ಅದೇ ಹಟ. ಅಕ್ವೇರಿಯಂನಲ್ಲಿ ಸಾಕುವ ಹವಾಳಗಳಲ್ಲಿ ಹೆಚ್ಚಿನವು ಸಾಧುಪ್ರಾಣಿಗಳು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಲೈಟು ಹಾಕಿದರೆ ಪಾಚಿ ಅಡುಗೆ ಮಾಡುತ್ತದೆ, ಹವಾಳ ಉಣ್ಣುತ್ತದೆ. ಅಂಗಡಿಯವನು ಅಂಥದ್ದನ್ನೇ ತೋರಿಸಿದನಂತೆ. "ಸ್ವಿಚ್ ಒತ್ತಿದ್ರೆ ಬದುಕೋದನ್ನ ಯಾರು ಬೇಕಾದ್ರೂ ಸಾಕ್ತಾರೆ ಬಿಡಿ" ಎಂದು ಮೂಗು ಮುರಿದ ರಾಯರು ಪಾಚಿಯೇ ಇಲ್ಲದ ಸನ್ ಕೋರಲ್ ತಂದರು. ಎಷ್ಟು ಬೆಳಕಿದ್ದರೂ ಅದಕ್ಕೆ ಹೊಟ್ಟೆ ತುಂಬದು. ಕೈಯಾರೆ ತುತ್ತು ಕೊಡಬೇಕು. ಅದೂ ಒಂದು ಬಾಯಿಗಲ್ಲ. ಗೊಂಚಲಿನಲ್ಲಿ ಎಷ್ಟು ಪಾಲಿಪ್‌ಗಳಿವೆಯೋ ಅಷ್ಟೂ ಬಾಯಿಗೆ.

ಹೀಗಾಗಿ ಶುದ್ಧ ಸಸ್ಯಾಹಾರಿಗಳ ಫ್ರೀಜರಿನಲ್ಲಿ, ಕಾಯಿತುರಿ ಮತ್ತು ಹಿತಕಿದ ಅವರೆಕಾಳಿನ ಪ್ಯಾಕೆಟ್ಟುಗಳ ಮಗ್ಗುಲಲ್ಲೇ, ಮೈಸಿಸ್ ಸೀಗಡಿ ಬಂದು ಕೂತಿತು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿರುವ ರಾಯರ ತಾಯಿ ಅದನ್ನು ಕಂಡಂದಿನಿಂದ ಫ್ರಿಜ್ಜಿನ ಕಡೆ ಸುಳಿದಿಲ್ಲ. "ಏಕಾದಶಿ ದಿನವಾದ್ರೂ ಬಿಡೋ" ಎಂದರೆ, "ನಿನ್ನೆ ಅದು ಒಪ್ಪತ್ತು ಮಾಡಿದೆಯಮ್ಮ" ಎನ್ನುತ್ತಾರೆ ಮಗರಾಯರು.

ಕಳೆದ ಶನಿವಾರ ನಮ್ಮನ್ನು ಊಟಕ್ಕೆ ಕರೆದಿದ್ದರು. ಮೇಜಿನ ಮೇಲೆ ಬಿಸಿಬೇಳೆಬಾತು ಹಬೆಯಾಡುತ್ತಿತ್ತು. ಅಷ್ಟರಲ್ಲಿ ರಾಯರು ತೊಟ್ಟಿಯ ಲೈಟು ಆರಿಸಿ, ಸೀಗಡಿ ಕರಗಿಸಿದ ನೀರನ್ನು ನಾಲ್ಕು ಹನಿ ಒಳಗೆ ಬಿಟ್ಟರು. ವಾಸನೆ ಹತ್ತಿದರೆ ಅರಳುತ್ತದಂತೆ. "ಇಪ್ಪತ್ತೇ ನಿಮಿಷ" ಎಂದರು. ಬಾತು ಆರಿತು. ಕಿತ್ತಳೆ ಬಣ್ಣದ ಗಂಟುಗಳು ಮೆಲ್ಲಗೆ ಉಬ್ಬಿ, ಹಳದಿ ಎಸಳುಗಳು ಹೊರಬಂದು, ತೊಟ್ಟಿಯಲ್ಲಿ ಸೇವಂತಿಗೆ ಬಿರಿದಂತಾಯಿತು. ಆ ಗಳಿಗೆ ಹಸಿವು ಮರೆತದ್ದು ಸುಳ್ಳಲ್ಲ.

ಪಂಪು ನಿಂತಿತು. ಉದ್ದನೆಯ ಪಿಪೆಟ್ಟು ಹಿಡಿದು ರಾಯರು ಬಾಯಿಗೊಂದು ಸೀಗಡಿಯಂತೆ ಬಡಿಸತೊಡಗಿದರು. ಹವಾಳಕ್ಕೆ ನುಂಗುವ ಆತುರವಿಲ್ಲ. ತೊಟ್ಟಿಯಲ್ಲಿ ಸಾಕಿದ್ದ ಕ್ಲೀನರ್ ಸೀಗಡಿ ಮಾತ್ರ ಎಲ್ಲಿತ್ತೋ ಓಡಿಬಂದು ಅದರ ಬಾಯೊಳಗಿನ ತುತ್ತನ್ನೇ ಕಿತ್ತುಕೊಂಡಿತು! ರಾಯರು ತಳ ಕತ್ತರಿಸಿದ ಸೋಡಾ ಬಾಟಲಿಯನ್ನು ಹವಾಳದ ಮೇಲೆ ಕವುಚಿ, ಅದರ ಕತ್ತಿನಿಂದ ಪಿಪೆಟ್ಟು ಇಳಿಸಿದರು. "ಮಗೂಗೆ ಒಂದು ದಿನ ಹೀಗೆ ತುತ್ತು ಕೊಟ್ಟವರಲ್ಲ" ಎಂದು ಮನೆಯಾಕೆ ಗೋಡೆಗೆ ಹೇಳಿದರು.

ತಿಂದು ಮಿಕ್ಕಿದ್ದು ಕೊಳೆತರೆ ನೀರಿನಲ್ಲಿ ನೈಟ್ರೇಟು, ಫಾಸ್ಫೇಟು ಏರುತ್ತವೆ. ಕಡಿಮೆ ಹಾಕಿದರೆ ಹವಾಳ ಸೊರಗುತ್ತದೆ, ಜಾಸ್ತಿ ಹಾಕಿದರೆ ನೀರು ಕೆಡುತ್ತದೆ. ಈ ಇಕ್ಕಟ್ಟನ್ನು ವಿವರಿಸುವಾಗ ರಾಯರ ಮುಖ ನೋಡಬೇಕು, ಮಗಳ ಮದುವೆ ಗೊತ್ತಾದ ಕಳೆ! ಭಾನುವಾರವೆಲ್ಲ ನೀರು ಬದಲಿಸುವ ಕೆಲಸ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ತೂಗಿ ಸಮುದ್ರ ತಯಾರಿಸುತ್ತಾರೆ.

"ಬೆಂಗಳೂರಿಗೆ ವಾಪಸಾದ್ರೆ ಇದನ್ನೂ ಒಯ್ತೀರಾ?" ಎಂದೆ.

"ಎಲ್ಲಿ ಸ್ವಾಮಿ! 1972ರ ವನ್ಯಜೀವಿ ಕಾಯ್ದೆ, ಒಂದನೇ ಅನುಸೂಚಿ. ಹುಲಿ ಇರೋ ಪಟ್ಟೀಲೇ ಇದೂ ಇದೆ" ಎಂದರು, ಪಟ್ಟಿಗೆ ತಾವೇ ಸೇರಿಸಿದವರಂತೆ.

ಈಗ ಡೆಂಡ್ರೊನೆಫ್ತಿಯಾ ಎಂಬ ಇನ್ನೊಂದು ಹವಾಳ ತರುವ ಯೋಚನೆಯಂತೆ. ಅದಕ್ಕೆ ಸೀಗಡಿ ದಪ್ಪವಾಯಿತು. ಸೂಕ್ಷ್ಮ ಪ್ಲ್ಯಾಂಕ್ಟನ್ ಇಡೀ ದಿನ ಹರಿಯುತ್ತಲೇ ಇರಬೇಕು. "ಹೆಚ್ಚಿನವರ ಮನೇಲಿ ಕೆಲವೇ ತಿಂಗಳಲ್ಲಿ ಸತ್ತುಹೋಗತ್ತೆ" ಎಂದು ರಾಯರು ಕಣ್ಣರಳಿಸಿದರು.

ಪಾಯಸದ ಹೊತ್ತಿಗೆ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. "ಡಿಸೆಂಬರಲ್ಲಿ ಅಮ್ಮನ್ನ ಬಿಡೋಕೆ ಊರಿಗೆ ಹೋಗ್ತಿದೀವಿ, ಮೂರು ವಾರ. ನಿಮ್ಮನೆ ಇಲ್ಲೇ ಹತ್ರ ಅಲ್ವಾ?"

ಎದುರಿಗಿದ್ದ ಡಾಕ್ಟರು ತಲೆಯೆತ್ತದೆ ಪಾಯಸ ಹೀರುತ್ತಿದ್ದರು. ಹೋದ ವರ್ಷದ ಊಟ ಅವರದಾಗಿತ್ತು.