ಮಸಗುಪ್ಪಿ ಮಿಕ್ಸರ್ ಮೀಮಾಂಸೆ: ಪಾರಿಜಾತ ನ್ಯಾಯದ ಬೆಳಕಿನಲ್ಲಿ

ಘಟಪ್ರಭೆಯ ದಂಡೆಯ ಮಸಗುಪ್ಪಿಯ ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತ ಬಯಲಾಟದ ಹಾಡು ರೆಕಾರ್ಡ್ ಮಾಡಲು ಸಣ್ಣ ಮಿಕ್ಸರ್ ಮುಂದಿಟ್ಟುಕೊಂಡು ಕೂತವನು ಮೊದಲು ಒಪ್ಪಬೇಕಾದ ಪ್ರಮೇಯ ಇಷ್ಟು: ಅದರ ಗುಂಡಿಗಳ ಮೇಲೆ ಊರಿನ ಸಕಲರಿಗೂ ಹಕ್ಕುಂಟು, ಗೇನ್ ಎಂಬುದೊಂದನ್ನು ಬಿಟ್ಟು. ಅದನ್ನು ಯಾರೂ ಕೇಳುವುದಿಲ್ಲ. ಸಕಲ ಅನರ್ಥವೂ ಅಲ್ಲೇ ಹುಟ್ಟುತ್ತದೆಂಬುದು ಈ ಪ್ರಬಂಧದ ಪ್ರತಿಪಾದನೆ.

ಗೇನ್ ಇರುವುದು ಗುಂಡಿಗಳ ಸಾಲಿನ ಮೇಲ್ತುದಿಯಲ್ಲಿ. ಮೈಕು ಕಳಿಸುವ ಮಿಲಿವೋಲ್ಟುಗಳ ಬಡಕಲು ದನಿಗೆ ಮೈ ತುಂಬಿಸುವುದು ಅದರ ಕೆಲಸ. ಹಾಡುವವರಿಂದ ಅತ್ಯಂತ ಗಟ್ಟಿಯಾದ ಸಾಲನ್ನೇ ಹಾಡಿಸಬೇಕು. ಪೀಕ್ ಎಂಬ ಕೆಂಪು ದೀಪ ಮಿನುಗುವ ತನಕ ತಿರುವಿ, ಹೆಡ್‌ರೂಮ್ ಎಂಬ ಖಾಲಿ ಜಾಗ ಉಳಿಯುವಂತೆ ತುಸು ಹಿಂದಕ್ಕೆ ತರಬೇಕು. ಇದು ಪೂರ್ವಪಕ್ಷ. ಸಿದ್ಧಾಂತವನ್ನು ಹಿರಿಯರು ಮಂಡಿಸುತ್ತಾರೆ:

“ಕಾಕಾ, ಕೆಂಪ ಲೈಟ ಹತ್ತಾಕತ್ತೈತ್ರಿ.”

“ಹತ್ತಲಿ ಬಿಡೋ ತಮ್ಮಾ. ಜಾತ್ರ್ಯಾಗ ಹತ್ತಲಾರದ್ದು ಮತ್ತ್ಯಾವಾಗ ಹತ್ತಬೇಕು?”

ಈ ವಾದಕ್ಕೆ ಖಂಡನೆ ಇಲ್ಲ. ಆದರೂ ದಾಖಲಿಸುವುದು ವಿದ್ವಾಂಸನ ಕರ್ಮ: ಕೆಂಪು ಹತ್ತಿ ನಿಂತಾಗ ದನಿಯ ಅಲೆಯ ನೆತ್ತಿ ಕತ್ತರಿಸಿ ಹೋಗಿರುತ್ತದೆ. ಆಮೇಲೆ ದನಿಯನ್ನು ಏರಿಸಿ ಇಳಿಸುವ ಕೆಳಗಿನ ಜಾರುಗುಂಡಿಯನ್ನು, ಅಂದರೆ ಫೇಡರನ್ನು, ಎಷ್ಟೇ ಇಳಿಸಿ, ಒಡಕು ಸಣ್ಣದಾದೀತೇ ಹೊರತು ಹೋಗದು.

ಫೇಡರಿನ ಪ್ರಕರಣ ಇನ್ನೂ ಗಹನ. ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಬೆಳೆಸಿದ ತಮ್ಮಣ್ಣ ಇದೇ ಸೀಮೆಯ ಕುಲಗೋಡದವರು. ಅದನ್ನಾಡಿ ಹೆಸರಾದ ನಿಂಗಮ್ಮ ಕೌಜಲಗಿಯವರು. ಇಬ್ಬರಿಗೂ ಮಿಕ್ಸರ್ ಬೇಕಿರಲಿಲ್ಲ, ಮಿಕ್ಸರಿಗೆ ಅವರ ಕಥೆ ಬೇಕು. ನಾರದ ತಂದ ಒಂದು ಹೂವು ರುಕ್ಮಿಣಿಗೆ ಹೋಯಿತು, ಸತ್ಯಭಾಮೆ ಮುನಿದಳು. ಇಲ್ಲೂ ಅಷ್ಟೇ. ಭಾಗವತರು “ನನ್ನ ದನಿ ಕೇಳವಲ್ದು” ಅಂದರೆಂದು ಅವರ ಫೇಡರ್ ಏರುತ್ತದೆ. ಹಾರ್ಮೋನಿಯಂ ಮುನಿಯುತ್ತದೆ, ಅದೂ ಏರುತ್ತದೆ. ತಬಲಾ ಸುಮ್ಮನಿದ್ದೀತೇ? (ತಾಳದವನಿಗೆ ಮೈಕೇ ಇಲ್ಲ, ಎಲ್ಲರ ಮೈಕಿನಲ್ಲೂ ಅವನೇ.) ಒಂದು ಸುತ್ತು ಮುಗಿಯುವಾಗ ಎಲ್ಲರೂ ಮೊದಲಿದ್ದ ಪ್ರಮಾಣದಲ್ಲೇ ಇರುತ್ತಾರೆ, ಕೆಂಪಿಗೆ ಹತ್ತಿರ. ಸತ್ಯಭಾಮೆಯನ್ನು ಏರಿಸುವ ಬದಲು ರುಕ್ಮಿಣಿಯನ್ನು ಇಳಿಸಿದ್ದರೆ ಸಾಕಿತ್ತು. ಪುರಾಣದ ಕೃಷ್ಣ ಪಾರಿಜಾತದ ಮರವನ್ನೇ ಕಿತ್ತು ತಂದನಲ್ಲ ಎನ್ನಬಹುದು. ಅವನಿಗೆ ಹೆಡ್‌ರೂಮ್ ಇತ್ತು.

ಫೇಡರಿನ ಪಕ್ಕದ ಅಂಕಿಗಳಲ್ಲಿ ಸೊನ್ನೆ ತಳದಲ್ಲಿಲ್ಲ, ಮೇಲಿದೆ. ಬಂದ ದನಿ ಹೆಚ್ಚದೆ ಕುಗ್ಗದೆ ಬಂದಷ್ಟೇ ಹೋಗುವ ಜಾಗ ಅದು. ತಳದಲ್ಲಿರುವುದು ಋಣ ಅನಂತ. ಅನಂತವನ್ನು 60 ಮಿಲಿಮೀಟರ್ ಓಟದಲ್ಲಿ ಮುಟ್ಟಿ ಬರುವ ಯೋಗ ನಮ್ಮ ಮೈಕ್‌ಸೆಟ್ಟಿನ ಹುಡುಗರಿಗೆ ದಿನನಿತ್ಯದ್ದು.

ಪ್ಯಾನ್ ಗುಂಡಿ ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ. ಗೋಕಾಕ ತಾಲ್ಲೂಕಿನಲ್ಲಿದ್ದ ಮಸಗುಪ್ಪಿ ಕೂತಲ್ಲೇ ಮೂಡಲಗಿ ತಾಲ್ಲೂಕಿಗೆ ಸರಿದದ್ದನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಡ.

ಲೋ ಕಟ್ ಒತ್ತಿದರೆ ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನದು ಇಳಿದುಹೋಗುತ್ತದೆ: ಗಾಳಿಯ ಬುಸುಗುಡುವಿಕೆ, ಸ್ಟ್ಯಾಂಡಿಗೆ ಕಾಲು ತಾಗಿದ ಧಡಲ್, ಕಬ್ಬು ಹೇರಿದ ಟ್ರ್ಯಾಕ್ಟರಿನ ಗುಡುಗಿನ ಒಂದು ಪಾಲು. ಟ್ರ್ಯಾಕ್ಟರಿನ ಟೇಪಿನ ಹಾಡನ್ನು ತಡೆಯುವ ಗುಂಡಿ ಇನ್ನೂ ಬಂದಿಲ್ಲ.

ಈಗ ಕಾನೂನಿನ ತೊಡಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಕೂಡದು. ಪಾರಿಜಾತಕ್ಕೆ ರಂಗೇರುವುದೂ ಅದೇ ಹೊತ್ತಿಗೆ. ಅಂಜಿ ಮೇನ್ ಫೇಡರ್ ಎಳೆದೀರಿ, ಜೋಕೆ. ಅನೇಕ ಸಣ್ಣ ಮಿಕ್ಸರುಗಳಲ್ಲಿ ರೆಕಾರ್ಡಿಂಗಿಗೆ ಹೋಗುವ ದನಿಯೂ ಅದನ್ನು ದಾಟಿಯೇ ಹೋಗಬೇಕು. ಪೊಲೀಸರ ಜೊತೆ ಲ್ಯಾಪ್‌ಟಾಪಿಗೂ ಏನೂ ಕೇಳಿಸದು. ಬಂದ್ ಮಾಡಬೇಕಾದದ್ದು ಆಂಪ್ಲಿಫಯರನ್ನು. ಆಮೇಲೆ ಹೆಡ್‌ಫೋನಿನಲ್ಲಿ ಕೇಳುತ್ತ ರೆಕಾರ್ಡಿಂಗ್ ಮುಂದುವರಿಸಬಹುದು.

ಎಕೋ ಹಾಕುವ ಗುಂಡಿಯನ್ನು ಈ ಹಂತದಲ್ಲಿ ಮುಟ್ಟಲೇಬಾರದು. ಆಮೇಲೆ ಬೇಕಾದರೆ ಸೇರಿಸಬಹುದು. ಹಾಡಿನೊಳಗೆ ಸೇರಿ ದಾಖಲಾದದ್ದನ್ನು ಹೆಕ್ಕಿ ತೆಗೆಯುವುದು ದುಸ್ತರ. ಇಷ್ಟನ್ನೂ ಸಾಧಾರವಾಗಿ ವಿವರಿಸಿ, ಶುದ್ಧ ಶಬ್ದ ಹೇಗಿರುತ್ತದೆಂದು ತೋರಿಸಲು ಹೆಡ್‌ಫೋನನ್ನು ಕಾಕಾನ ಕಿವಿಗೆ ಇಟ್ಟಾಗ ಅವರು ಕಣ್ಣು ಮುಚ್ಚಿ ಕೇಳಿ, ತಲೆದೂಗಿ, ತೀರ್ಪು ಕೊಡುತ್ತಾರೆ:

“ಎಲ್ಲಾ ಬರೋಬ್ಬರಿ ಐತಿ ತಮ್ಮಾ. ಎಕೋ ಒಂದೀಟ ಏರಸು.”