ಬೋಳುಶ್ವಾನ ಮೀಮಾಂಸೆ: ತಾಳವಾಡಿ ಪ್ರಕರಣ

ತಾಳವಾಡಿ ಸೀಮೆಯ ಮೇಲೆ ಲೇಖನಿ ಎತ್ತಿದವರೆಲ್ಲ ದೊಡ್ಡಗಾಜನೂರು, ರಾಜ್‌ಕುಮಾರ್, 2000ದ ಜುಲೈ 30ರ ಅಪಹರಣ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಇಲ್ಲಿನ ಕೂದಲಿಲ್ಲದ ಕುಳ್ಳ ನಾಯಿಯ ಬಗ್ಗೆ ಒಬ್ಬ ಪಂಡಿತನೂ ಸೊಲ್ಲೆತ್ತಿಲ್ಲ. ಆದ್ದರಿಂದ ಈ ಪ್ರಬಂಧ.

ಪೂರ್ವಪಕ್ಷ: ಮೆಕ್ಸಿಕೊ, ಪೆರುಗಳಲ್ಲಿ ಹುಟ್ಟಾ ಬೋಳು ನಾಯಿಗಳುಂಟು. ಫಾಕ್ಸ್‌ಐ3 ಎಂಬ ಜೀನಿನ ದೋಷ ಅದಕ್ಕೆ ಕಾರಣವೆಂದು 2008ರಲ್ಲಿ ಪತ್ತೆಯಾಯಿತು. ಅದೇ ದೋಷದಿಂದ ಕೆಲವು ಹಲ್ಲೂ ಹುಟ್ಟುವುದಿಲ್ಲ. ನಮ್ಮ ಬೀದಿಯ ಕರಿಯನೂ ಆ ವಂಶದವನೇ ಇರಬೇಕು.

ಸಿದ್ಧಾಂತ: ಅಲ್ಲ. ಹಲ್ಲು ಎಣಿಸಹೋದ ಸಂಶೋಧಕನ ಹೆಬ್ಬೆರಳೇ ಪ್ರಮಾಣ. (ರೇಬೀಸ್ ಚುಚ್ಚುಮದ್ದಿನ ಚೀಟಿಯನ್ನು ಆಸಕ್ತರು ನೋಡಬಹುದು.) ಮೇಲಾಗಿ ಮೊದಲು ಇದರ ಮೈತುಂಬ ಕಪ್ಪು ಕೂದಲಿತ್ತು ಎಂಬುದಕ್ಕೆ ಹೆಸರೇ ಶಾಸನಾಧಾರ. ಈಗಿನ ಬಣ್ಣ ಸುಟ್ಟ ಬದನೆಕಾಯಿಯದು. ಊರ ಪರಿಭಾಷೆಯಲ್ಲಿ ಈ ತಳಿಗೆ ‘ಕಜ್ಜಿನಾಯಿ’ ಎನ್ನುತ್ತಾರೆ. ಚರ್ಮ ಕೊರೆದು ಮೊಟ್ಟೆಯಿಡುವ ಸಾರ್ಕಾಪ್ಟಿಸ್ ನುಸಿಯೇ ಇದರ ತಳಿಕರ್ತೃ.

ಹವಾಮಾನ ವಿಚಾರ. ನಾಯಿಯ ಮೈಶಾಖ ಸುಮಾರು 38.5 ಡಿಗ್ರಿ, ಕೂದಲಿಲ್ಲದ ಸಣ್ಣ ಮೈ ಅದನ್ನು ಬೇಗ ಚೆಲ್ಲಿಬಿಡುತ್ತದೆ. ಬೆಟ್ಟದ ಚಳಿಗೆ ಕರಿಯ ಕಂಡುಕೊಂಡ ಪರಿಹಾರ ತಿಪ್ಪೆ. ಕೊಳೆಯುವ ಸಗಣಿ ಒಳಗಿಂದ ಬೆಚ್ಚಗಿರುತ್ತದೆಂಬುದನ್ನು ಅವನು ಯಾವ ವಿಶ್ವವಿದ್ಯಾಲಯದಲ್ಲೂ ಓದಿದವನಲ್ಲ. ಆದರೆ ಈ ಹಾಸಿಗೆಗೂ ಸಂಚಕಾರವುಂಟು. ಇದೇ ಸೀಮೆಯ ಗುಮಟಾಪುರದಲ್ಲಿ ದೀಪಾವಳಿ ಮುಗಿಯುತ್ತಲೇ ಗೊರೆಹಬ್ಬ. ಮನೆಮನೆಯ ಸಗಣಿಯೆಲ್ಲ ಬೀರೇಶ್ವರನ ಗುಡಿಯ ಹಿಂದೆ ರಾಶಿ ಬಿದ್ದು, ಗಂಡಸರ ಕೈಯಲ್ಲಿ ಉಂಡೆಯಾಗಿ ಹಾರುತ್ತದೆ. ಅಲ್ಲಿನ ಬೋಳು ನಾಯಿಗಳು ಸರಿಯಾಗಿ ಚಳಿ ಶುರುವಾಗುವ ಹೊತ್ತಿಗೆ ಹಾಸಿಗೆ ಕಳೆದುಕೊಳ್ಳುತ್ತವೆ. ಇನ್ನು ಚಿರತೆ: ಅದು ಕೂದಲಿದ್ದ ನಾಯಿ, ಇಲ್ಲದ ನಾಯಿ ಎಂದು ಭೇದವೆಣಿಸುವುದಿಲ್ಲ. ಆ ಅಧ್ಯಾಯ ಇಷ್ಟೇ.

ಲೇಪನ ವಿಚಾರದಲ್ಲಿ ಎರಡು ಸಂಪ್ರದಾಯ. ಒಂದು ಬೇವು–ಹೊಂಗೆ ಎಣ್ಣೆಯವರದು. ಇನ್ನೊಂದು ಟ್ರ್ಯಾಕ್ಟರ್‌ನಿಂದ ಇಳಿಸಿದ ಸುಟ್ಟ ಆಯಿಲ್ ಬಳಿಯುವವರದು; ನಾಯಿ ಮೈ ನೆಕ್ಕುತ್ತದೆ, ಆಯಿಲ್ ಹೊಟ್ಟೆ ಸೇರುತ್ತದೆ, ಕಜ್ಜಿಗಿಂತ ಮೊದಲು ನಾಯಿಯೇ ಹೋಗುತ್ತದೆ. ಪ್ರಬಂಧಕಾರ ಮೂರನೆಯ ಪಂಥ ಹಿಡಿದು, ಪಶುವೈದ್ಯರನ್ನು ಕೇಳಿ, ತೂಕಕ್ಕೆ ತಕ್ಕ ಐವರ್‌ಮೆಕ್ಟಿನ್ ಕೊಡಿಸಿದ. ರಾತ್ರಿಗೆ ಒಂದು ಗೋಣಿಚೀಲ. ಈ ನಡುವೆ ಆ ನುಸಿ ಸಂಶೋಧಕನ ಮೊಣಕೈಗೂ ದಾಟಿ ಕೆಲವು ದಿನ ಕ್ಷೇತ್ರಕಾರ್ಯ ನಡೆಸಿದ್ದರಿಂದ ಬರವಣಿಗೆ ತಡವಾಯಿತು.

ಈಗೊಂದು ತೊಡಕು. ಕರಿಯನ ಬೆನ್ನಿಗೆ ಕಪ್ಪು ಕೂದಲು ಬರತೊಡಗಿದೆ. ಪ್ರಬಂಧ ಮುಗಿಯುವ ಮೊದಲೇ ವಸ್ತು ಕೈಕೊಟ್ಟಿತು. ಕೂಗಿದರೆ ಗೋಣಿಚೀಲ ಕಚ್ಚಿಕೊಂಡು ತಿಪ್ಪೆಯ ಕಡೆಗೇ ಓಡುತ್ತಾನೆ.