ತೊರಗಲ್ ಸೀಮೆಯ ಸನ್ಯಾಸಿಯ ಸಮರನಿಯಮಗಳು: ಒಂದು ದಾಳಾಧಾರಿತ ತಾತ್ವಿಕ ಮಂಡನೆ

ಪ್ರಸ್ತುತ ಪ್ರಬಂಧವು ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ವ್ಯಾಪ್ತಿಯಲ್ಲಿ ಸನ್ಯಾಸಿಯ ದೇಹವು ಕದನದ ಪಠ್ಯವಾಗಿ ಮಾರ್ಪಡುವ ಪ್ರಕ್ರಿಯೆಗೆ ಅಂತರ್‌ಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವ ಒಂದು ವಿನಮ್ರ ಪ್ರಯತ್ನವಾಗಿದೆ. ವಿನಮ್ರ ಎಂದದ್ದು ರೂಢಿಯಂತೆ. ಈ ವಿಷಯದಲ್ಲಿ ನನ್ನನ್ನು ಮೀರಿಸಿದವರಿಲ್ಲ, ಏಕೆಂದರೆ ಇದಕ್ಕೆ ಇನ್ನಾರೂ ಕೈಹಾಕಿಲ್ಲ. ಕವಿರಾಜಮಾರ್ಗಕಾರನೂ ಈ ಕುರಿತು ಮೌನ ವಹಿಸಿರುವುದು ಅರ್ಥಪೂರ್ಣ.

ಆಕರಗ್ರಂಥದ ಪರಿಚಯ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ ಎಂದು ಪಾತ್ರ ಹಂಚಿಕೊಂಡು, ಬಾಯಲ್ಲೇ ಕತೆ ಕಟ್ಟುತ್ತ, ದಾಳ ಉರುಳಿಸಿ ಸೋಲು ಗೆಲುವು ತೀರ್ಮಾನಿಸುತ್ತಾರೆ. 1975ರ ‘ಬ್ಲ್ಯಾಕ್‌ಮೂರ್’ ಪುರವಣಿಯಲ್ಲಿ ಇವರ ಜೊತೆಗೊಬ್ಬ ಸನ್ಯಾಸಿ ಸೇರಿಕೊಂಡ. ಕವಚ ತೊಡುವುದಿಲ್ಲ, ಬರಿಗೈಯಲ್ಲೇ ಕಾದುತ್ತಾನೆ. ಬೆಂಗಳೂರಲ್ಲಿ ಕಂಪ್ಯೂಟರ್ ನೌಕರಿ ಮಾಡುವ ನನ್ನ ಸೋದರಳಿಯ ರಜೆಗೆ ಬಂದಾಗ ಈ ನಿಯಮಪುಸ್ತಕ ತಂದಿದ್ದ. ಅದೇ ವಾರ ಒಂದು ವಿಚಾರ ಸಂಕಿರಣದಲ್ಲಿ ಕೇಳಿದ ಪ್ರಬಂಧಗಳಿಗಿಂತ ಅದರ ಭಾಷೆ ತಿಳಿಯಾಗಿತ್ತು. ಆ ಕೊರತೆಯನ್ನು ಇಲ್ಲಿ ತುಂಬಿಕೊಡಲಾಗಿದೆ.

ಭೌಗೋಳಿಕ ಮಿತಿ. ಶಾಸನಗಳು ತೊರಗಲ್ ಸೀಮೆಯನ್ನು ‘ತೊರಗಲೆ ಆರು ಸಾವಿರ’ ಎನ್ನುತ್ತವೆ. ದಾಳಕ್ಕೆ ಆರು ಮುಖ. ಅದನ್ನು ಸಾವಿರ ಸಲ ಉರುಳಿಸಿದರೆ ಬರಬಹುದಾದ ಗರಿಷ್ಠ ಮೊತ್ತ ಆರು ಸಾವಿರ. ಎಂದಮೇಲೆ ಇಲ್ಲಿನ ಅರಸರು ಪ್ರತಿ ಸಲವೂ ಆರನ್ನೇ ಬೀಳಿಸುತ್ತಿದ್ದರೆಂಬುದು ನಿರ್ವಿವಾದ. ಒಪ್ಪದವರದು ವಸಾಹತುಶಾಹಿ ಮನಸ್ಥಿತಿ.

ವರ್ಗೀಕರಣ. (ಅ) ಪೀಠಸ್ಥ ಸನ್ಯಾಸಿ. ಈ ಆಟದ 1978ರ ಕೈಪಿಡಿಯ ಪ್ರಕಾರ ಸನ್ಯಾಸಿ ಏರುವ ಹಂತಗಳ ಪೈಕಿ ಮೇಲಿನವುಗಳಲ್ಲಿ ಜಾಗ ಬೆರಳೆಣಿಕೆಯಷ್ಟು, ತುದಿಯಲ್ಲಿ ಒಂದೇ ಒಂದು. ಏರಬೇಕಾದವನು ಅಲ್ಲಿ ಕೂತವನನ್ನು ಹುಡುಕಿಕೊಂಡು ಹೋಗಿ, ಆಯುಧವಿಲ್ಲದೆ ಒಬ್ಬರಿಗೊಬ್ಬರು ಕಾದಾಡಿ ಗೆಲ್ಲಬೇಕು. ಸೋತವನು ಕೆಳಗಿಳಿಯಬೇಕು. ನಮ್ಮಲ್ಲಿ ಮಠದ ಪೀಠಕ್ಕಾಗಿ ಈ ಕಾಳಗವನ್ನು ಸಿವಿಲ್ ನ್ಯಾಯಾಲಯ ನಡೆಸಿಕೊಡುತ್ತದೆ. ಆಟದ 2014ರ ಆವೃತ್ತಿಯಲ್ಲಿ ಒಂದು ಸುತ್ತು ಆರು ಸೆಕೆಂಡು, ಇಲ್ಲಿ ಒಂದು ವಾಯಿದೆಯಿಂದ ಇನ್ನೊಂದು ವಾಯಿದೆಯವರೆಗೆ. ಆ ಆವೃತ್ತಿಯಲ್ಲಿ ಐದನೆಯ ಹಂತದ ಸನ್ಯಾಸಿಗೆ ಒಂದು ವಿಶೇಷ ಏಟು ಸಿದ್ಧಿಸುತ್ತದೆ. ಅದು ತಾಗಿ, ತಾಳಿಕೊಳ್ಳಲಾಗದಿದ್ದರೆ ಎದುರಾಳಿ ಇದ್ದಲ್ಲೇ ಮರಗಟ್ಟಿ ನಿಲ್ಲುತ್ತಾನೆ. ನಮ್ಮ ವಕೀಲರು ಇದನ್ನು ತಡೆಯಾಜ್ಞೆ ಎನ್ನುತ್ತಾರೆ, ಪರಿಣಾಮ ಹೆಚ್ಚು ದಿನ ಇರುತ್ತದೆ. ಹಂತ ಏರಿದಂತೆ ಸನ್ಯಾಸಿಯ ವೇಗ ಹೆಚ್ಚುತ್ತದೆಂದೂ ಪುಸ್ತಕ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಮಠದ ಅಂಗಳದಲ್ಲಿ ನಿಂತ ಇನ್ನೋವಾ ಕಂಡವರಿಗೆ ಕಾರಣ ಬೇಕಿಲ್ಲ. (ಎಲ್ಲ ಮಠಗಳ ಅಜ್ಜಾರೂ ಹೀಗಲ್ಲ. ಅಂಥ ಒಂದು ಮಠದ ಪ್ರಸಾದ ಉಂಡೇ ನಾನು ಓದಿದ್ದು. ಆದರೆ ಅವರಿಂದ ಪ್ರಬಂಧಕ್ಕೆ ಪ್ರಯೋಜನವಿಲ್ಲ, ಅವರು ಕಾದುವುದಿಲ್ಲ.)

(ಆ) ಕಂತಿಭಿಕ್ಷೆಗೆ ಹೊರಟ ಅಯ್ಯನವರು. ಎದುರಾಳಿ: ಓಣಿಯ ನಾಯಿ. ಆಯುಧ: ಬೆತ್ತ. ಫಲಿತಾಂಶ: ಸಮಬಲ.

(ಇ) ಗರಡಿಮನೆಯ ಪೈಲ್ವಾನ. ಲಂಗೋಟಿಯೇ ಕವಚ, ಹನುಮಪ್ಪನೇ ಗುರು. ಆಟದ ಸನ್ಯಾಸಿಗೆ ಇವನಷ್ಟು ಹತ್ತಿರದವನು ಸಿಗಲಾರ. ಆದರೆ ಜಂಗಿ ನಿಕಾಲಿ ಕುಸ್ತಿಗೆ ಇರುವುದು ಒಂದೇ ನಿಯಮ: ಬೆನ್ನು ಮಣ್ಣಿಗೆ ತಾಗಿದವ ಸೋತ. ಇಷ್ಟು ಸ್ಪಷ್ಟವಾದದ್ದರ ಮೇಲೆ ಪ್ರಬಂಧ ಕಟ್ಟಲಾಗದು. ಕೈಬಿಡಲಾಗಿದೆ.

ರಕ್ಷಣಾತಂತ್ರ. 2014ರ ಆವೃತ್ತಿಯಲ್ಲಿ ಸನ್ಯಾಸಿಯ ರಕ್ಷಣೆಗೆ ಸೂತ್ರ ಹೀಗಿದೆ: ಹತ್ತು, ಕೂಡಿಸು ಚುರುಕುತನ, ಕೂಡಿಸು ವಿವೇಕ. ವಿವೇಕವಿದ್ದರೆ ಪೆಟ್ಟು ಬೀಳುವುದಿಲ್ಲವೆಂಬ ಈ ನಂಬಿಕೆ ಎಲ್ಲಿಂದ ಬಂತೋ ತಿಳಿಯದು. ಮೂರನೆಯ ಹಂತದಲ್ಲಿ ಹಾರಿಬಂದ ಬಾಣವನ್ನು ಕೈಯಲ್ಲಿ ಹಿಡಿದು ತಿರುಗಿ ಎಸೆಯಬಹುದು. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಗುಂಡೇಟಿಗೆ ಉರುಳಿದ್ದನ್ನು ನೋಡಿದರೆ, ಆತ ಮೂರನೆಯ ಹಂತ ಮುಟ್ಟಿರಲಿಲ್ಲವೆಂದು ಊಹಿಸಲು ಅವಕಾಶವಿದೆ.

ವರ್ಗೀಕರಣಕ್ಕೆ ಮರಳಿದರೆ, (ಈ) ಪುರವಂತ. ಈತ ಸನ್ಯಾಸಿಯೇ ಅಲ್ಲ, ಹೆಂಡತಿ ಮಕ್ಕಳಿರುವ ರೈತ. ವರ್ಗೀಕರಣ ಇಲ್ಲಿಗೆ ಮುರಿದುಬಿತ್ತು. ಉ, ಊ, ಋ ಎಲ್ಲ ಬರೆದಿಟ್ಟಿದ್ದೆ, ಹರಿದು ಹಾಕಿದ್ದೇನೆ.

ರಾಮದುರ್ಗ ತಾಲ್ಲೂಕಿನ ಗೊಡಚಿಯಲ್ಲಿ ಹೊಸ್ತಿಲ ಹುಣ್ಣಿಮೆಗೆ ವೀರಭದ್ರ ದೇವರ ಜಾತ್ರೆ. ವೀರಭದ್ರ ಮನೆದೇವರಾದ ಮನೆಗಳಲ್ಲಿ ಮದುವೆಗೆ ಗುಗ್ಗಳದ ಮೆರವಣಿಗೆ ಹೊರಟರೂ ಪುರವಂತ ಬೇಕು. ಕಾವಿ ಉಟ್ಟು, ಎದೆಗೆ ವೀರಭದ್ರನ ಹಲಗೆ ಕಟ್ಟಿ, ಕೈಯಲ್ಲಿ ಖಡ್ಗ ಹಿಡಿದು, ಸಂಬಾಳ ವಾದ್ಯದ ಬಡಿತಕ್ಕೆ ಕುಣಿಯುತ್ತ ದಕ್ಷಯಜ್ಞದ ಕತೆಯನ್ನು ಒಡಪಿನಲ್ಲಿ ಹೇಳುತ್ತಾನೆ. ಆಮೇಲೆ ಶಸ್ತ್ರ. ಗಲ್ಲದ ಈ ಕಡೆಯಿಂದ ಆ ಕಡೆಗೆ ಕಬ್ಬಿಣದ ಕಡ್ಡಿ ದಾಟುತ್ತದೆ. ತೆಗೆದ ಜಾಗಕ್ಕೆ ಭಸ್ಮ.

ನಿಯಮಪುಸ್ತಕದ ಯಾವ ಕೋಷ್ಟಕದಲ್ಲೂ ಇದಕ್ಕೆ ಜಾಗ ಸಿಗಲಿಲ್ಲ. ಅಲ್ಲಿ ಏಟು ಅಂದರೆ ಬೇರೆಯವರ ಮೈಮೇಲೆ ಬೀಳುವಂಥದ್ದು. ಇನ್ನೊಬ್ಬರ ಮನೆಯ ಮದುವೆ ಚಂದಾಗಲೆಂದು ತನ್ನ ಗಲ್ಲಕ್ಕೆ ತಾನೇ ಕಬ್ಬಿಣ ಚುಚ್ಚಿಕೊಳ್ಳುವವನಿಗೆ ಯಾವ ದಾಳ ಉರುಳಿಸುವುದು?

ಮೊದಲು ಹೇಳಿದ ಆ ವಿಚಾರ ಸಂಕಿರಣದಲ್ಲಿ ವಿದ್ವಾಂಸರೊಬ್ಬರು ಇದನ್ನು ‘ಸ್ವಹಿಂಸೆಯ ಮೂಲಕ ಅಭಿವ್ಯಕ್ತಗೊಳ್ಳುವ ಸಾಂಕೇತಿಕ ಪ್ರತಿರೋಧದ ಸಂಕಥನ’ ಎಂದರು. ಚಪ್ಪಾಳೆ ಬಿತ್ತು. ಆ ಸಂಕಥನ ಬೆಳಗಿನಿಂದ ಹೊರಗೆ ಗೇಟಿನ ಹತ್ತಿರ ಬಿಸಿಲಲ್ಲಿ ನಿಂತಿತ್ತು, ಉದ್ಘಾಟಕರನ್ನು ಬರಮಾಡಿಕೊಳ್ಳಲು. ಹತ್ತಕ್ಕೆ ಬರಬೇಕಾದವರು ಹನ್ನೆರಡೂವರೆಗೆ ಬಂದಿದ್ದರು, ಫೋಟೋದವನು ಅವರಿಗಿಂತ ತಡವಾಗಿ. ಅಷ್ಟೊತ್ತಿಗೆ ಪುರವಂತರ ಮೇಳದ ಹಿರಿಯ ಶಸ್ತ್ರ ಹಾಕಿ, ತೆಗೆದು, ಭಸ್ಮ ಹಚ್ಚಿಕೊಂಡಾಗಿತ್ತು. ‘ಇನ್ನೊಮ್ಮೆ ಹಾಕ್ಕೋರಿ ಅಜ್ಜಾ, ಫೋಟೋ ಬಂದಿಲ್ಲ’ ಅಂದ ಸಂಘಟಕರ ಹುಡುಗ. ‘ಇದೇನ್ ಹೂವಿನ ಹಾರ ಏನೋ ತಮ್ಮಾ, ತಗದು ತಗದು ಹಾಕ್ಕೊಳ್ಳಾಕ?’ ಅಂದ ಹಿರಿಯ. ಅಂದು, ಹಾಕಿಕೊಂಡ. ಸಂಭಾವನೆಯ ಹಾಳೆಗೆ ಸಹಿ ಮಾಡಿಸಬೇಕಾದವನು ಅದೇ ಹುಡುಗ.

ಸಂಭಾವನೆ ಅವತ್ತು ಬರಲೂ ಇಲ್ಲ. ‘ಬಿಲ್ ಪಾಸಾಗಬೇಕು’ ಅಂದರು. ವಿದ್ವಾಂಸರ ಪ್ರಯಾಣಭತ್ಯೆ ಮಾತ್ರ ಮಧ್ಯಾಹ್ನದ ಊಟಕ್ಕೆ ಮೊದಲೇ ಲಕೋಟೆಯಲ್ಲಿ ಬಂದಿತ್ತು.

2014ರ ಆ ಆಟದ ಪುಸ್ತಕ ಬರೆದವರು ಗೊಡಚಿಯ ಹೆಸರು ಕೇಳಿದವರಲ್ಲ. ಆದರೂ ಸನ್ಯಾಸಿಯ ಕಸುವಿಗೆ ಮಿತಿಯಿದೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೆ ‘ಕೀ’ ಎಂದು ಹೆಸರಿಟ್ಟು ಅಂಕ ಕಟ್ಟಿದರು. ಐದನೆಯ ಹಂತದವನಿಗೆ ಐದು ಅಂಕ, ಅಷ್ಟೇ. ತೀರಿದ ಮೇಲೆ ಒಂದು ತಾಸು ಕೂರಬೇಕು, ಅದರಲ್ಲಿ ಅರ್ಧ ತಾಸು ಧ್ಯಾನಕ್ಕೆ. ಆಗ ಮತ್ತೆ ತುಂಬುತ್ತದೆ. ಹುಟ್ಟೇ ಇಲ್ಲದ ಸನ್ಯಾಸಿಯ ದಣಿವಿಗೂ ಅವರು ಲೆಕ್ಕ ಇಟ್ಟಿದ್ದಾರೆ. ನಮ್ಮೆದುರು ಮೈಯಿಂದ ಬೆವರು ಇಳಿಸುತ್ತ ನಿಂತವನಿಗೆ ನಾವು ಒಂದು ಕುರ್ಚಿ ಕೊಡಲಿಲ್ಲ. ಜಾನಪದ ಉಳಿಯಬೇಕೆಂದು ಒಳಗೆ ನಿರ್ಣಯ ಮಾಡಿದೆವು.

ಆ ಹಿರಿಯನ ಮಗ ಒಡಪು ಕಲಿತಿಲ್ಲ, ಬೆಳಗಾವಿಯ ಫೌಂಡ್ರಿಗೆ ಹೋಗುತ್ತಾನೆ. ‘ತಿಂಗಳಿಗೆ ಸರಿಯಾಗಿ ಪಗಾರ ಬರತೈತ್ರಿ, ಅವನ ತಪ್ಪೇನೈತಿ?’ ಅಂದ ತಂದೆ. ಬಾಯಲ್ಲಿರುವ ಅಷ್ಟೂ ಒಡಪು ಈ ಮನುಷ್ಯನ ಜೊತೆಗೇ ಹೋಗುತ್ತದೆ. ಆಮೇಲೆ ಅದರ ಮೇಲೆ ಇನ್ನಷ್ಟು ಪ್ರಬಂಧ ಬರುತ್ತವೆ, ನನ್ನದೂ ಸೇರಿ.

ಫಲಿತಗಳು ಮತ್ತು ಶಿಫಾರಸುಗಳು. ಫಲಿತ ಏನೂ ಇಲ್ಲ. ಉತ್ಸವ, ಸಂಕಿರಣ, ಮೆರವಣಿಗೆ ನಡೆಸುವ ಎಲ್ಲರಲ್ಲೂ ಒಂದು ವಿನಂತಿಯಿದೆ. ಮೇಳದವರನ್ನು ನೆರಳಲ್ಲಿ ಕೂರಿಸಿ, ಕುಡಿಯಲು ನೀರು ಕೊಡಿ. ಶಸ್ತ್ರವನ್ನು ದೇವರ ಕೆಲಸಕ್ಕೆ ಬಿಡಿ, ಫೋಟೋಕ್ಕೆ ಕೇಳಬೇಡಿ. ಸಂಭಾವನೆ, ಬಸ್ ಚಾರ್ಜು ಎರಡನ್ನೂ ಅವತ್ತೇ ಸಂಜೆ, ಕೊನೆಯ ಬಸ್ಸು ಹೊರಡುವ ಮೊದಲು, ಅವರ ಕೈಗೇ ಕೊಟ್ಟು ಕಳಿಸಿ.